ಒಬ್ಬರಿಗೆ ಸಾಫ್ಟ್, ಇನ್ನೊಬ್ಬರಿಗೆ ಓವರ್‌ಶಾರ್ಪ್

ಕ್ಯಾಮೆರಾ ಪ್ರಶ್ನೆ-ಉತ್ತರ

ಈ ಸಲ ಬಂದ ಪತ್ರದಾಗ ಅರ್ಧಕ್ಕಿಂತ ಜಾಸ್ತಿ ವಿಮಾನದ ಫೋಟೋ ಬಗ್ಗೆನ ಅದಾವ. ಹುಬ್ಬಳ್ಳಿಗೆ 2017ರ ಡಿಸೆಂಬರ್‌ದಾಗ ಹೊಸ ಟರ್ಮಿನಲ್ ಆಗಿ, ರನ್‌ವೇ ಉದ್ದ ಆಗಿ, ಎ320ದಂಥಾ ದೊಡ್ಡ ಜೆಟ್ ವಿಮಾನ ಬರಾಕ ಹತ್ತಿದ ಮ್ಯಾಲೆ ನಮ್ಮ ಕಡೆ ಹುಡುಗರ ಕೈಯಾಗ ಝೂಮ್ ಲೆನ್ಸ್ ಕಾಣಾಕ ಹತ್ಯಾವ, ಅದು ನನಗ ಭಾಳ ಖುಷಿ ಕೊಡೋ ವಿಷಯ. ಅದಕ್ಕ ಈ ತಿಂಗಳು ಮದುವಿ ಫೋಟೋ, ಫ್ಲ್ಯಾಷ್ ಪ್ರಶ್ನೆ ಎಲ್ಲಾ ಮುಂದಿನ ಸಲಕ್ಕ ಇಟ್ಟು ಇದನ್ನ ತಗೊಂಡೀನಿ.

ಪ್ರಶ್ನೆ: ಸರ್, ನಾ ಇಂಜಿನಿಯರಿಂಗ್ ಮೂರನೇ ವರ್ಷ, ಮನಿ ಗೋಕುಲ ರೋಡ್ ಕಡೆ. ಡಿಸೆಂಬರ್‌ದಾಗ ಒಂದು ಮುಂಜಾನೆ ಕಂಪೌಂಡ್ ಹೊರಗಿನ ರಸ್ತಾದಾಗ ನಿಂತು ಇಳಿಯೋ ಎಟಿಆರ್ (ಸಣ್ಣ ಪ್ರೊಪೆಲ್ಲರ್ ವಿಮಾನ) ಫೋಟೋ ತೆಗದೆ, ನನ್ನ ಇಷ್ಟ ದಿನದ ಫೋಟೋದಾಗ ಅದ ಚಲೋದು ಅಂತ ಒಂದು ದೊಡ್ಡ ಏವಿಯೇಷನ್ ಫೋಟೋ ಡೇಟಾಬೇಸ್‌ಗೆ ಕಳಿಸಿದೆ, ಎಂಟು ದಿನ ಬಿಟ್ಟು "ಸಾಫ್ಟ್", ಅಂದ್ರ ಅಂಚು ಮೆತ್ತಗ ಐತಿ, ಅಂತ ರಿಜೆಕ್ಟ್ ಆತು. ಶಾರ್ಪ್ ಮಾಡಿ ಕಳಿಸಿದೆ, "ಓವರ್‌ಶಾರ್ಪ್" ಅಂತ ಬಂತು. ನಡುವಿಂದು ಮಾಡಿ ಕಳಿಸಿದೆ, ಈ ಸಲ "ಹೊರೈಝನ್ (ದಿಗಂತದ ಗೆರಿ) ಸೊಟ್ಟ ಐತಿ" ಅಂತ, ಮೊದಲಿನ ಎರಡ ಸಲ ಆ ಮಾತ ಬಂದಿರಲಿಲ್ಲ. ಅದ ವಾರ ಅಲ್ಲೆ ಬ್ಯಾರೆ ಯಾರದೋ ಫೋಟೋ ನಂದಕ್ಕಿಂತ ಸೊಟ್ಟ ಇದ್ದದ್ದು ಅಕ್ಸೆಪ್ಟ್ ಆಗೇತಿ. ಇವರಿಗೆ ಒಂದ ಅಳತಿ ಅನ್ನೂದು ಇಲ್ಲೇನ್ರಿ? ಮೂರೂ ಫೈಲ್ ಕಳಿಸೀನಿ, ನೋಡಿ ಹೇಳ್ರಿ, ಇದನ್ನ ಬಿಟ್ಟ ಬಿಡ್ಲ್ಯಾ?
(ಹೆಸರು ಬ್ಯಾಡ ಅಂದವರು, ಹುಬ್ಬಳ್ಳಿ)

ಉತ್ತರ: ತಮ್ಮಾ, ಬಿಡಬ್ಯಾಡ. ಮೂರೂ ಫೈಲ್ ದೊಡ್ಡದ ಮಾಡಿ ನೋಡೀನಿ, ಒಂದು ತಾಸು ಅದರಾಗ ಹೋತು. ನಿನ್ನ ಸಿಟ್ಟು ಅರ್ಧ ಖರೆ ಐತಿ, ಇನ್ನರ್ಧ ನಿನ್ನ ಫೋಟೋದಾಗ ಐತಿ, ಎರಡನ್ನೂ ಬ್ಯಾರೆ ಬ್ಯಾರೆ ಮಾಡಿ ಹೇಳ್ತೀನಿ.

ಮೊದಲ, ಈ ಹುಡುಗನಿಗೆ ಇದು ಯಾಕ ಅಷ್ಟು ದೊಡ್ಡ ವಿಷಯ ಅಂತ ಬ್ಯಾರೆ ಓದುಗರಿಗೆ ಹೇಳ್ಬೇಕು. ಫ್ಲೈಟ್‌ರಾಡಾರ್24 ಆ್ಯಪ್ ತಗದು ತಲಿ ಮ್ಯಾಲೆ ಹೋಗೋ ವಿಮಾನ ಒತ್ತಿದ್ರ ಅದ ವಿಮಾನದ ಒಂದು ಫೋಟೋ ಬರ್ತದ, ಕೆಳಗ ತೆಗೆದವರ ಹೆಸರು ಇರ್ತದ. ಆ ಫೋಟೋ ಬರೋದು ಜೆಟ್‌ಫೋಟೋಸ್ ಅನ್ನೋ ಡೇಟಾಬೇಸ್‌ದಿಂದ. ಏರ್‌ಲೈನರ್ಸ್ ಡಾಟ್ ನೆಟ್ ಅಂತ ಇನ್ನೊಂದು ಹಳೇದು ಐತಿ. ಇಂಥಾ ಕಡೆ ಯಾರು ಏನು ಕಳಿಸಿದ್ರೂ ಸೀದಾ ಹತ್ತೂದಿಲ್ಲ, ಸ್ಕ್ರೀನರ್ ಅಂತ ಇರ್ತಾರ, ಅವರೂ ನಮ್ಮಂಗ ವಿಮಾನದ ಹುಚ್ಚಿನ ಮಂದಿ, ತಮ್ಮ ಕೆಲಸ ಮುಗಿಸಿ ಮನ್ಯಾಗ ಕುಂತು ಬಿಟ್ಟಿ ಟೈಮ್ ಕೊಟ್ಟು ಒಂದೊಂದ ಫೋಟೋ ನೋಡಿ ಹೌದು ಇಲ್ಲ ಅಂತಾರ. ಅಲ್ಲೆ ಪಾಸ್ ಆತಂದ್ರ ಇಡೀ ಜಗತ್ತಿನ ವಿಮಾನದ ಮಂದಿ ಮುಂದ ಪಾಸ್ ಆದಂಗ. ನಿನ್ನ ಫೋಟೋ ಎಲ್ಲೆ ರಿಜೆಕ್ಟ್ ಆತು ಅನ್ನೂದನ್ನ ನೀ ಬರದೀ, ನಾ ಇಲ್ಲೆ ಹಾಕೂದಿಲ್ಲ, ಯಾಕಂದ್ರ ಈ ತ್ರಾಸು ಎಲ್ಲಾ ಕಡೆ ಇದ್ದದ್ದ.

ಈಗ ಹೊರೈಝನ್. ಇದರಾಗ ಅವರ ಮಾತು ಖರೆ. ನೀ ರನ್‌ವೇ ಗೆರಿಯನ್ನ ಲೆವೆಲ್ ಅಂತ ತಿಳಕೊಂಡು ಫೋಟೋ ತಿರುಗಿಸೀದಿ. ರನ್‌ವೇ ಲೆವೆಲ್ ಇರಬೇಕಂತ ಎಲ್ಲೂ ಇಲ್ಲ, ದೊಡ್ಡ ರನ್‌ವೇಗೆ ಪೂರ್ತಿ ಉದ್ದದ ಮ್ಯಾಲೆ 1 ಪರ್ಸೆಂಟ್ ತನಕ ಇಳುಕಲು ಇರಬಹುದು ಅಂತ ಇಕಾವೊ (ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ) ನಿಯಮದಾಗನ ಐತಿ. 1 ಪರ್ಸೆಂಟ್ ಅಂದ್ರ 100 ಮೀಟರ್‌ಗೆ 1 ಮೀಟರ್, ಹೆಚ್ಚುಕಮ್ಮಿ ಅರ್ಧ ಡಿಗ್ರಿ. ಮ್ಯಾಲೆ ನೀ ಅಡ್ಡಕ್ಕ ನಿಂತಿಲ್ಲ, ಓರೆ ನಿಂತೀದಿ, ಓರೆ ನಿಂತಾಗ ದೂರ ಹೋಗೋ ಗೆರಿ ಎಲ್ಲಾ ಸೊಟ್ಟನ ಕಾಣ್ತಾವ. ನಿನ್ನ ಫೋಟೋದ ನಡುವ, ವಿಮಾನದ ಬಾಲದ ಹಿಂದ ಒಂದು ಲೈಟ್ ಕಂಬ ಐತಿ ನೋಡು, ಅದರ ಬುಡಕ್ಕ ಒಂದು ನೆಟ್ಟನ ಗೈಡ್ ಗೆರಿ ಇಟ್ಟು ಮ್ಯಾಲೆ ತನಕ ಎಳಿ, ಕಂಬದ ತುದಿ ಗೆರಿಗಿಂತ ಎಡಕ್ಕ ವಾಲಿರ್ತದ. ನಾ ಅಳತಿ ಮಾಡಿದೆ, 0.8 ಡಿಗ್ರಿ ಬಂತು. ನೆಟ್ಟಗ ನಿಂತಿರೋ ವಸ್ತು ನಂಬು, ಅದೂ ಫ್ರೇಮಿನ ನಡುವಿಂದು, ಅಂಚಿಂದು ಬ್ಯಾಡ, ಅಂಚಿನ ಕಂಬ ಲೆನ್ಸ್‌ನಿಂದ ವಾಲ್ತಾವ. ಇದು ಕಣ್ಣಿನ ಮಾತಲ್ಲ, ಅಳತಿ ಮಾತು, ಇದಕ್ಕ ಜಗಳ ತಗೀಬ್ಯಾಡ. ಇನ್ನೊಬ್ಬಂದು ಸೊಟ್ಟ ಇದ್ದೂ ಪಾಸ್ ಆಗೇತಿ ಅಂದ್ರ ಅಲ್ಲೆ ಸ್ಕ್ರೀನರ್ ತಪ್ಪಿಸ್ಯಾರ, ಅದರಿಂದ ನಿನ್ನ ಕಂಬ ನೆಟ್ಟಗ ಆಗೂದಿಲ್ಲ.

ಸಾಫ್ಟ್ ಮತ್ತ ಓವರ್‌ಶಾರ್ಪ್ ಕತಿ ಬ್ಯಾರೆ ಐತಿ. ಶಾರ್ಪ್ ಮಾಡೋದು ಅಂದ್ರ ಏನು, ಅಂಚಿನ ಈ ಕಡೆ ಸ್ವಲ್ಪ ಕಪ್ಪು ಮಾಡಿ ಆ ಕಡೆ ಸ್ವಲ್ಪ ಬೆಳ್ಳಗ ಮಾಡಿ ಅಂಚು ಎದ್ದು ಕಾಣೂವಂಗ ಮಾಡೋದು, ಫೋಟೋದಾಗ ಇಲ್ಲದ ವಿವರ ಅದು ತರೂದಿಲ್ಲ. ಅದು ಎಷ್ಟು ಸಾಕು ಅನ್ನೂದು ನೋಡೋ ಮಾನಿಟರ್ ಮ್ಯಾಲೆ ಹೋಗ್ತದ. 24 ಇಂಚಿನ ಸಾದಾ ಫುಲ್ ಎಚ್‌ಡಿ ಮಾನಿಟರ್‌ದಾಗ ಒಂದು ಇಂಚಿಗೆ 92 ಪಿಕ್ಸೆಲ್ ಇರ್ತಾವ, 27 ಇಂಚಿನ 4ಕೆ ಮಾನಿಟರ್‌ದಾಗ 163. 92ರ ಮುಂದ ಕುಂತವರಿಗೆ ಒಂದೊಂದ ಪಿಕ್ಸೆಲ್ ದಪ್ಪ ಕಾಣ್ತದ, ಬಾಲದ ಓರೆ ಅಂಚಿನ್ಯಾಗ ಮೆಟ್ಟಿಲು ಮೆಟ್ಟಿಲು ಕಾಣ್ತಾವ, ಅವರು ಓವರ್‌ಶಾರ್ಪ್ ಅಂತಾರ. 4ಕೆ ಮುಂದ ಕುಂತವರು ಅಕ್ಷರ ಸಣ್ಣ ಕಾಣ್ತಾವಂತ ಸ್ಕೇಲಿಂಗ್ 150 ಪರ್ಸೆಂಟ್ ಇಟ್ಟಿರ್ತಾರ, ಬ್ರೌಸರ್ ಫೋಟೋನೂ ಎಳದು ದೊಡ್ಡದ ಮಾಡಿ ತೋರಸ್ತದ, ಎಳದದ್ದು ಮೆತ್ತಗ ಕಾಣ್ತದ, ಅವರು ಸಾಫ್ಟ್ ಅಂತಾರ. ಇಬ್ಬರೂ ಸುಳ್ಳ ಹೇಳಿಲ್ಲ, ಫೈಲ್ ಒಂದ, ಮಾನಿಟರ್ ಬ್ಯಾರೆ. ಈ ಒಂದು ಸಂಗತಿ ಗೊತ್ತಿಲ್ಲದ ಎಷ್ಟೋ ಹುಡುಗರು ತಮ್ಮ ಕೈನ ಸರಿ ಇಲ್ಲ ಅಂತ ಕ್ಯಾಮೆರಾ ಕಪಾಟಿನ್ಯಾಗ ಇಟ್ಟದ್ದನ್ನ ನೋಡೀನಿ, ಅದಕ್ಕ ಇಷ್ಟು ಉದ್ದ ಬರೀಲಿಕ್ಕೆ ಹತ್ತೀನಿ.

ಆದ್ರ ನಿನ್ನ ಎರಡನೇ ಫೈಲ್ ಖರೇನ ಓವರ್‌ಶಾರ್ಪ್ ಐತಿ, ಅದನ್ನೂ ಹೇಳ್ಬೇಕು. ಪೈಲಟ್ ಕಿಟಕಿ ಮ್ಯಾಲಿನ ಅಂಚು 200 ಪರ್ಸೆಂಟ್ ಮಾಡಿ ನೋಡು, ಬೆಳ್ಳನ ಬಾಡಿಗೂ ನೀಲಿ ಆಕಾಶಕ್ಕೂ ನಡುವ ಸುಣ್ಣದ ಗೆರಿ ಎಳದಂಗ ಒಂದು ಗೆರಿ ಐತಿ. ನೀ ದೊಡ್ಡ ಫೈಲ್ ಇದ್ದಾಗನ ಶಾರ್ಪ್ ಮಾಡಿ ಆಮ್ಯಾಲೆ ಸಣ್ಣದ ಮಾಡೀದಿ, ಸಣ್ಣದ ಮಾಡೋ ಸಾಫ್ಟ್‌ವೇರ್ ತಾನೂ ಮತ್ತೊಂದಿಷ್ಟು ಶಾರ್ಪ್ ಮಾಡೇತಿ. ಮೊದಲ ಸೈಜ್ ಇಳಿಸು, ಆಮ್ಯಾಲೆ ಕಡೀ ಕೆಲಸ ಅಂತ ಶಾರ್ಪ್ ಮಾಡು, ಆಕಾಶ ಮಾಸ್ಕ್ ಮಾಡಿ ಬಿಡು, ವಿಮಾನಕ್ಕಷ್ಟ ಮಾಡು. ಮೂರನೇ ಫೈಲ್ ನನ್ನ ಕಣ್ಣಿಗೆ ಸರಿ ಐತಿ, 0.8 ಡಿಗ್ರಿ ತಿರುಗಿಸಿದ್ರ ಸಾಕು.

ಅಳತಿ ಇಲ್ಲೇನ್ರಿ ಅಂತ ಕೇಳೀದಿ. ನಿಮ್ಮ ಊರಾಗನ ಬೆಂಗೇರಿ ಖಾದಿ ಸಂಘ ಐತೆಲ್ಲಾ, ರಾಷ್ಟ್ರಧ್ವಜ ಮಾಡೋದು, ಅಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡ ಬರದ ಇಟ್ಟಾರ, ಧ್ವಜದ ಸೈಜ್ 9, ಸಣ್ಣದು 150 ಗುಣಿಸು 100 ಮಿಲಿಮೀಟರ್, ದೊಡ್ಡದು 6300 ಗುಣಿಸು 4200, ಅಳತಿ, ಬಣ್ಣ, ನೂಲು ಎಲ್ಲಾ ಚೆಕ್ ಆಗ್ತಾವ, ಯಾರು ಟೇಪ್ ಹಿಡದ್ರೂ ಉತ್ತರ ಒಂದ ಬರ್ತದ. ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ಗೆ ಹೋದ್ರ ಇನ್ನೊಂದು ತರಾ, ದಲಾಲರು ಚೀಲದಾಗ ಕೈ ಹಾಕಿ ನಾಕು ಕಾಯಿ ಹಿಡದು, ಮುರದು, ಬಣ್ಣ ನೋಡಿ, ಡಬ್ಬಿ ಜಾತಿನೋ ಕಡ್ಡಿ ಜಾತಿನೋ, ಎಷ್ಟು ಒಣಗೇತಿ ಅಂತ ಕೈಯಾಗನ ಹೇಳ್ತಾರ, ಒಂದ ಚೀಲಕ್ಕ ಇಬ್ಬರು ಬ್ಯಾರೆ ಬ್ಯಾರೆ ರೇಟ್ ಬರೀತಾರ, ಅದಕ್ಕ ಬಣ್ಣ ತಗಿಯೋ ಫ್ಯಾಕ್ಟರಿಯವರು ಕೈ ನಂಬದ ಲ್ಯಾಬ್‌ಗೆ ಕಳಿಸಿ ಆಸ್ಟಾ ನಂಬರ್ (ಬಣ್ಣದ ಅಳತಿ) ತರಿಸ್ತಾರ. ಫೋಟೋ ಸ್ಕ್ರೀನಿಂಗ್‌ದಾಗ ಎರಡೂ ಕಲಸಿ ಹೋಗ್ಯಾವ. ಹೊರೈಝನ್, ಸೆನ್ಸರ್ ಮ್ಯಾಲಿನ ಧೂಳಿನ ಕಲಿ, ಫೈಲ್ ಸೈಜ್, ಫ್ರೇಮಿನ ಅಂಚಿಗೆ ತುಂಡಾದ ರೆಕ್ಕಿ, ಇವು ಟೇಪ್ ಹಿಡದು ನೋಡೋವು. ಸಾಫ್ಟ್, ಕಾಂಟ್ರಾಸ್ಟ್, ಬಣ್ಣ, ಫ್ರೇಮಿಂಗ್, ಇವು ಮೆಣಸಿನಕಾಯಿ ಕೈಯಾಗ ಹಿಡದು ನೋಡೋವು. ರಿಜೆಕ್ಟ್ ಮೆಸೇಜ್‌ದಾಗ ಮಾತ್ರ ಎರಡೂ ಒಂದ ದನಿಯಾಗ, ಟೇಪ್ ಹಿಡದು ಹೇಳಿದಂಗ ಬರ್ತಾವ. ನನ್ನ ತಕರಾರು ಇದ.

ಇನ್ನೂ ಒಂದು ಸಿಟ್ಟು ನಂದ ಐತಿ. ಮೂರು ಸಲ ಮೂರು ಕಾರಣ ಕೊಡೋದು ತಪ್ಪು. ಹೊರೈಝನ್ ಮೊದಲನೇ ದಿನಾನೂ ಸೊಟ್ಟನ ಇತ್ತು, ಅವತ್ತ ಹೇಳಿದ್ರ ಈ ಹುಡುಗನ ಒಂದು ತಿಂಗಳು ಉಳೀತಿತ್ತು. ಒಬ್ಬರು ಒಂದು ತಪ್ಪು ಕಂಡ ಕೂಡ್ಲೆ ಬಟನ್ ಒತ್ತಿ ಮುಂದ ಹೋಗ್ತಾರ, ಮುಂದಿನ ಸಲ ಬ್ಯಾರೆಯವರ ಕೈಗೆ ಹೋಗ್ತದ, ಅವರು ಹಿಂದಿಂದು ನೋಡೂದಿಲ್ಲ. ಕ್ಯೂ ಉದ್ದ ಇರ್ತದ, ಪಗಾರ ಇಲ್ಲದ ಕೆಲಸ, ನನಗ ಅವರ ಮ್ಯಾಲೆ ಗೌರವ ಐತಿ, ಆದ್ರೂ ಫೋಟೋ ಮ್ಯಾಲೆ ಎಲ್ಲೆ ತಪ್ಪು ಐತಿ ಅಂತ ಒಂದು ವರ್ತುಲ ಹಾಕಿ ತೋರಸೂದಕ್ಕ ಹತ್ತು ಸೆಕೆಂಡ್ ಸಾಕು. ಏರೋ ಇಂಡಿಯಾಕ್ಕ ಯಲಹಂಕಕ್ಕ ಹೋದಾಗ ಸೂರ್ಯಕಿರಣ್ ತಂಡದ ಹಾಕ್ ವಿಮಾನ ಬರೋಬರಿ ತಲಿ ಮ್ಯಾಲೆ ತಿರುಗೋವಾಗ ಬೆನ್ನು ಬೆನ್ನಿಗೆ ಎರಡು ಫ್ರೇಮ್ ತಗದಿದ್ದೆ, ಒಂದ ಸೆಕೆಂಡಿನ್ಯಾಗ, ಒಂದ ಎಡಿಟಿಂಗ್. ಒಂದು ಪಾಸ್ ಆತು, ಇನ್ನೊಂದು "ಬಣ್ಣ ಸರಿ ಇಲ್ಲ" ಅಂತ ವಾಪಸ್ ಬಂತು. ಎಷ್ಟೋ ರಾತ್ರಿ ಎರಡನ್ನೂ ಬಾಜೂಕ ಬಾಜೂಕ ಇಟ್ಟು ನೋಡೀನಿ, ಬಣ್ಣ ಎಲ್ಲೆ ಬ್ಯಾರೆ ಐತಿ ಅಂತ ಇವತ್ತಿಗೂ ಕಂಡಿಲ್ಲ. ಅಲ್ಲೆ ಒಂದು ವರ್ತುಲ ಇದ್ದಿದ್ರ ನಾ ಏನರ ಕಲೀತಿದ್ದೆ.

ಅಪರೂಪದ ವಿಮಾನಕ್ಕ ಸ್ವಲ್ಪ ಬಿಗಿ ಸಡಿಲ ಮಾಡ್ತಾರ, ಅದು ನನಗ ಒಪ್ಪಿಗಿ ಐತಿ. ಹಳೇ ಸ್ಲೈಡ್ ಸ್ಕ್ಯಾನ್ ಮಾಡಿದ್ದು, ಈಗ ಹಾರದ ವಿಮಾನದ್ದು, ಮತ್ತ ಸಿಗೂದಿಲ್ಲ, ಅದರಾಗ ಗ್ರೇನ್ ಇದ್ರೂ ಇರ್ಲಿ. ದಿನಾ ಬರೋ ಎಟಿಆರ್‌ಗೆ ಬಿಗಿ ಜಾಸ್ತಿನ ಇರ್ತದ, ನಿನ್ನದಕ್ಕ ಹಂಗ ಆಗೇತಿ.

ಕಂಬ ನೆಟ್ಟಗ ಮಾಡಿ ಮೂರನೇ ಫೈಲ್ ಕಳಿಸು. ಮತ್ತ ಸಾಫ್ಟ್ ಅಂದ್ರ ಅಪೀಲ್ ಹಾಕು, ಅಪೀಲ್‌ದಾಗ "ಅನ್ಯಾಯ" ಅಂತ ಬರೀಬ್ಯಾಡ, "ಮುಂದಿನ ಗಾಲಿ ಮ್ಯಾಲಿನ ಸಣ್ಣ ಅಕ್ಷರ 100 ಪರ್ಸೆಂಟ್‌ದಾಗ ಓದಾಕ ಬರ್ತಾವ, ನೋಡ್ರಿ" ಅಂತ ಜಾಗಾ ತೋರಿಸಿ ಬರಿ. ಜಾಗಾ ತೋರಿಸಿದ್ರ ನೋಡೋರೂ ಆ ಜಾಗಾ ನೋಡ್ತಾರ.

ಪ್ರಶ್ನೆ: ನಾವು ಗದಗದಿಂದ ರವಿವಾರ ಹುಬ್ಬಳ್ಳಿಗೆ ಬಂದು ಮಧ್ಯಾಹ್ನದ ಫ್ಲೈಟ್ ಫೋಟೋ ತೆಗಿತೀವಿ. ಮಾರ್ಚ್‌ದಾಗ ತೆಗೆದ ಹನ್ನೆರಡರಾಗ ಹತ್ತು "ಹೀಟ್ ಹೇಝ್" ಅಂತ ರಿಜೆಕ್ಟ್, ಎರಡು ಪಾಸ್, ಹನ್ನೆರಡೂ ಒಂದ ತಾಸಿನ್ಯಾಗ ತಗದಾವು. ಲೆನ್ಸ್ ಬದಲಿ ಮಾಡ್ಲ್ಯಾ?
(ಓದುಗರು, ಗದಗ)

ಉತ್ತರ: ರೊಕ್ಕ ಇಟ್ಕೋರಿ, ಲೆನ್ಸ್ ಬದಲಿ ಮಾಡಬ್ಯಾಡ್ರಿ. ನಿಮ್ಮ ಊರಿಂದ ಮಧ್ಯಾಹ್ನ ಕಪ್ಪತಗುಡ್ಡದ ಕಡೆ ಇರೋ ಗಾಳಿ ಫ್ಯಾನ್ ಕಂಬ ದೂರದಿಂದ ನೋಡ್ರಿ, ನೀರಾಗ ಅಲ್ಲಾಡಿದಂಗ ಕಾಣ್ತಾವ. ಕಾದ ನೆಲದ ಮ್ಯಾಲಿನ ಗಾಳಿ ಒಂದು ಕಡೆ ಬಿಸಿ, ಒಂದು ಕಡೆ ತಂಪು ಆಗಿ ಬೆಳಕನ್ನ ಬಗ್ಗಸ್ತದ, ಲಕ್ಷ ರೂಪಾಯಿ ಲೆನ್ಸ್ ಆ ಗಾಳಿ ಹಿಂದ ಏನೂ ಮಾಡಾಕ ಆಗೂದಿಲ್ಲ, ಉದ್ದ ಲೆನ್ಸ್ ಅದನ್ನ ಇನ್ನೂ ದೊಡ್ಡದ ಮಾಡಿ ತೋರಸ್ತದ. ಎರಡು ಪಾಸ್ ಆದದ್ದು ಯಾಕಂತ ನಿಮ್ಮ ಫೋಟೋದಾಗನ ಉತ್ತರ ಐತಿ, ಅವೆರಡರಾಗ ವಿಮಾನ ಆಕಾಶದಾಗ ಮ್ಯಾಲೆ ಐತಿ, ಉಳದ ಹತ್ತರಾಗ ಗಾಲಿ ನೆಲಕ್ಕ ಹತ್ತೇತಿ. ಇಲ್ಲೆ ಸ್ಕ್ರೀನರ್ ತಪ್ಪಿಲ್ಲ. ಕಿಟಕಿ ಸಾಲು ನೋಡ್ರಿ, ಒಂದ ಗೆರಿಯಾಗ ಇರಬೇಕಾದ ಕಿಟಕಿ ಹಾವಿನಂಗ ಡೊಂಕ ಆಗ್ಯಾವ.

ಅಕ್ಟೋಬರ್‌ದಿಂದ ಫೆಬ್ರವರಿ, ಮುಂಜಾನೆ ಎಂಟೂವರಿ ಒಳಗ ಬರ್ರಿ. ಇನ್ನೊಂದು, ಹುಬ್ಬಳ್ಳಿ ರನ್‌ವೇ 08/26, ಅಂದ್ರ ಪೂರ್ವ ಪಶ್ಚಿಮ ಮಲಗೇತಿ, ಡಿಸೆಂಬರ್‌ದಾಗ ನಮ್ಮ ಕಡೆ ನಡು ಮಧ್ಯಾಹ್ನನೂ ಸೂರ್ಯ ದಕ್ಷಿಣಕ್ಕ ವಾಲಿ 51 ಡಿಗ್ರಿ ಎತ್ತರದಾಗ ಇರ್ತಾನ, ರನ್‌ವೇದ ಉತ್ತರಕ್ಕ ನಿಂತ್ರ ದಿನಪೂರ್ತಿ ನೆರಳಿನ ಕಡೆನ ಸಿಗ್ತದ, "ಬ್ಯಾಕ್‌ಲಿಟ್" ಅಂತ ಅದೂ ರಿಜೆಕ್ಟ್. ದಕ್ಷಿಣದ ಕಡೆ ಜಾಗಾ ಹುಡುಕ್ರಿ. ರಸ್ತಾದ ಮ್ಯಾಲೆ ನಿಂತಾಗ ಸೆಕ್ಯುರಿಟಿಯವರು ಬಂದು ಬ್ಯಾಡ ಅಂದ್ರ ಕ್ಯಾಮೆರಾ ಇಳಿಸಿ ಗುರುತಿನ ಚೀಟಿ ತೋರಿಸಿ ಹೊಳ್ಳಿ ಬರ್ರಿ, ವಾದ ಬ್ಯಾಡ. 1937ರ ಏರ್‌ಕ್ರಾಫ್ಟ್ ರೂಲ್ಸ್‌ನ 13ನೇ ರೂಲ್ ಬಂದಾಗಿಂದ ಸರಕಾರಿ ಏರೋಡ್ರೋಮ್ ಒಳಗ ಫೋಟೋಕ್ಕ ಲಿಖಿತ ಪರ್ಮಿಷನ್ ಬೇಕು ಅನ್ನೋದು ನಮ್ಮ ದೇಶದಾಗ ಐತಿ, ಸೈನ್ಯದ ಏರ್‌ಫೀಲ್ಡ್ ಕಡೆ ಅಂತೂ ಲೆನ್ಸ್ ತಿರುಗಿಸಲೂ ಬ್ಯಾಡ್ರಿ.

ಪ್ರಶ್ನೆ: ಎಟಿಆರ್ ಟೇಕಾಫ್ 1/1000 ಸೆಕೆಂಡ್ ಶಟರ್ ಸ್ಪೀಡಿನ್ಯಾಗ ತಗದೆ, ಎಲ್ಲಾ ಕಡ್ಡಿ ಮುರದಂಗ ಶಾರ್ಪ್. ಆದ್ರ "ಪ್ರೊಪೆಲ್ಲರ್ ನಿಂತೇತಿ" ಅಂತ ರಿಜೆಕ್ಟ್. ಶಾರ್ಪ್ ಇಲ್ಲಂದ್ರ ಬೈತಾರ, ಶಾರ್ಪ್ ಇದ್ರನೂ ಬೈತಾರ!
(ಓದುಗರು, ರಾಣೆಬೆನ್ನೂರು)

ಉತ್ತರ: ನಿಮ್ಮ ತ್ರಾಸು ತಿಳೀತೈತಿ, ಆದ್ರ ಹಾರೋ ವಿಮಾನದ ಫ್ಯಾನ್ ನಿಂತಂಗ ಕಂಡ್ರ ನೋಡೋರ ಎದಿ ಝಲ್ ಅಂತೈತಿ, ಅಲ್ರಿ? ಲೆಕ್ಕಾ ಮಾಡೋಣ. ಎಟಿಆರ್ 72ರ ಪ್ರೊಪೆಲ್ಲರ್‌ಗೆ 6 ಬ್ಲೇಡ್, ಟೇಕಾಫ್‌ದಾಗ ನಿಮಿಷಕ್ಕ 1,200 ಸುತ್ತು, ಅಂದ್ರ ಸೆಕೆಂಡಿಗೆ 20. 1/1000 ಸೆಕೆಂಡಿನ್ಯಾಗ ಬ್ಲೇಡ್ ತಿರುಗೋದು ಬರೇ 7 ಡಿಗ್ರಿ ಚಿಲ್ಲರ, ಅದಕ್ಕ ನಿಂತಂಗ ಕಾಣ್ತದ. ಎರಡು ಬ್ಲೇಡ್ ನಡುವ 60 ಡಿಗ್ರಿ ಸಂದಿ ಐತಿ, 1/125ದಾಗ 57.6 ಡಿಗ್ರಿ ತಿರುಗ್ತದ, ಒಂದರ ಜಾಡು ಮುಗಿಯೂದ್ರಾಗ ಇನ್ನೊಂದರ ಜಾಡು ಚಾಲೂ, ಪೂರ್ತಿ ಚಕ್ರ ಬರ್ತದ. 1/250 ಇಟ್ಟ್ರ ಅರ್ಧ ಚಕ್ರ, ಅದೂ ಬಹಳಷ್ಟು ಕಡೆ ಪಾಸ್ ಆಗ್ತದ, ಆದ್ರ ಎಲ್ಲೆ ಎಷ್ಟು ಸಾಕು ಅನ್ನೂದು ಮತ್ತ ನೋಡೋರ ಮ್ಯಾಲೆ ಹೋಗ್ತದ. ನನ್ನ ಕೈಗೆ 1/160 ಒಗ್ಗೇತಿ. ಸೊಂಟದಿಂದ ತಿರುಗ್ರಿ, ಮೊಣಕೈ ಎದಿಗೆ ಹಚ್ಚಿಕೊಳ್ರಿ, ವಿಮಾನ ಮುಂದ ಹೋದ ಮ್ಯಾಲೂ ಕೈ ನಿಲ್ಲಸಬ್ಯಾಡ್ರಿ. 40 ಫ್ರೇಮ್‌ದಾಗ ಮೂರು ಶಾರ್ಪ್ ಬಂದ್ರ ಅವತ್ತ ಚಲೋ ದಿನ.

ಪ್ರಶ್ನೆ: ಧಾರವಾಡದಾಗ ನಮ್ಮ ಕಾಲೇಜಿನ ಫೋಟೋ ಕ್ಲಬ್ ಈ ವರ್ಷ ಸ್ಪರ್ಧಾ ಇಟ್ಟೈತಿ, ವಿಮಾನ, ರೈಲು, ಬಸ್ ಅಂತ ವಿಷಯ. ನಾವ ಮೂವರು ಸ್ಕ್ರೀನಿಂಗ್ ಮಾಡ್ಬೇಕು. ಹೋದ ವರ್ಷ ಭಾಳ ಜಗಳ ಆತು, ಈ ಸಲ ಯಾರೂ ತಕರಾರ ಮಾಡದಂಗ ಹ್ಯಾಂಗ ಮಾಡೋದ್ರಿ?
(ವಿದ್ಯಾರ್ಥಿನಿಯರು, ಧಾರವಾಡ)

ಉತ್ತರ: ತಂಗ್ಯಾರ, ತಕರಾರ ಪೂರ್ತಿ ಹೋಗೂದಿಲ್ಲ, ಕಡಿಮಿ ಆಗ್ತದ. 2014ರಾಗ ನಿಪ್ಸ್ ಅನ್ನೋ ದೊಡ್ಡ ಕಂಪ್ಯೂಟರ್ ಸಮ್ಮೇಳನದವರು ಒಂದು ಪ್ರಯೋಗ ಮಾಡಿದ್ರು, 166 ಸಂಶೋಧನಾ ಪೇಪರ್ ತಗೊಂಡು ಎರಡು ಬ್ಯಾರೆ ಬ್ಯಾರೆ ಕಮಿಟಿಗೆ ಒಬ್ಬರದು ಇನ್ನೊಬ್ಬರಿಗೆ ತಿಳೀದಂಗ ಕೊಟ್ಟರು. ಹೆಚ್ಚುಕಮ್ಮಿ ನಾಕರಾಗ ಒಂದು ಪೇಪರ್ ಒಂದು ಕಡೆ ಪಾಸ್, ಇನ್ನೊಂದು ಕಡೆ ಫೇಲ್. ಅವರು ಜಗತ್ತಿನ ದೊಡ್ಡ ದೊಡ್ಡ ತಜ್ಞರು. ಯೂನಿವರ್ಸಿಟಿ ಪೇಪರ್ ರೀವ್ಯಾಲ್ಯುಯೇಷನ್‌ಗೆ ಹಾಕಿದ್ರ ಮಾರ್ಕ್ಸ್ ಬದಲಾಗೋದು ನಿಮಗೂ ಗೊತ್ತದ.

ಮೂವರೂ ಒಂದ ಮಾನಿಟರ್ ಮ್ಯಾಲೆ, ಒಂದ ರೂಮಿನ್ಯಾಗ, ಕಿಟಕಿ ಪರದಾ ಹಾಕಿ ನೋಡ್ರಿ, ಆದ್ರ ಒಬ್ಬೊಬ್ಬರ ನೋಡಿ ಬರದ ಇಡ್ರಿ, ಮಾತಾಡೋದು ಆಮ್ಯಾಲೆ, ಇಲ್ಲಂದ್ರ ಮೊದಲ ಮಾತಾಡಿದವರದ ನಡೀತದ. ಹೆಸರು ಮುಚ್ಚಿಡ್ರಿ, ಇದು ನೀವು ಮಾಡ ಮಾಡ್ತೀರಿ ಅನ್ಕೊಂಡೀನಿ. ಟೇಪ್ ಹಿಡಿಯೋ ತಪ್ಪು ಯಾವು, ಕಣ್ಣಿನ ತಪ್ಪು ಯಾವು ಅಂತ ಎರಡು ಪಟ್ಟಿ ಬೋರ್ಡಿಗೆ ಸ್ಪರ್ಧಾ ಚಾಲೂ ಆಗೋ ಮೊದಲ ಹಚ್ಚಿ ಬಿಡ್ರಿ. ಟೇಪಿನ ತಪ್ಪಿಗೆ ಒಬ್ಬರು ಹೇಳಿದ್ರ ಸಾಕು, ಕಣ್ಣಿನ ತಪ್ಪಿಗೆ ಮೂವರಾಗ ಇಬ್ಬರು ಒಪ್ಪಲೇಬೇಕು. ರಿಜೆಕ್ಟ್ ಆದ ಪ್ರತಿ ಫೋಟೋ ಮ್ಯಾಲೆ ಕೆಂಪು ವರ್ತುಲ ಹಾಕಿ, ಇರೋ ಎಲ್ಲಾ ತಪ್ಪು ಒಂದ ಸಲಕ್ಕ ಬರದು ವಾಪಸ್ ಕೊಡ್ರಿ, ಅರ್ಧ ಜಗಳ ಅಲ್ಲೆ ಮುಗೀತದ.

ಇನ್ನೊಂದು ಕೆಲಸ ನನಗಾಗಿ ಮಾಡ್ರಿ. ನಿಮ್ಮ ಸರ್‌ಗೆ ಹೇಳಿ ಮೊದಲನೇ ದಿನ ನೋಡಿದ ಹತ್ತು ಫೋಟೋ ಮೂರನೇ ದಿನದ ರಾಶಿಯಾಗ ನಿಮಗ ಗೊತ್ತಾಗದಂಗ ಸೇರಸ್ರಿ, ಸ್ವಲ್ಪ ಕ್ರಾಪ್ ಬದಲಿ ಮಾಡಿ, ಫೈಲ್ ನಂಬರ್ ಬದಲಿ ಮಾಡಿ. ಆ ಹತ್ತರಾಗ ಎಷ್ಟಕ್ಕ ನಿಮ್ಮ ಮೊದಲಿನ ಉತ್ತರ ಬದಲಾತು ಅಂತ ಎಣಿಸಿ ಒಂದು ಕಾರ್ಡ್ ಬರೀರಿ, ಮುಂದಿನ ತಿಂಗಳು ಇಲ್ಲೆ ಹಾಕ್ತೀನಿ.